ಬೃಂದಾವನಕ್ಕೆ ನೀರೆರೆದವರು

‘ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ.’ ಈ ಗಾದೆಯನ್ನು ಎಷ್ಟು ಸಲೀಸಾಗಿ ಬಳಸುತ್ತೇವೆ ನೋಡಿ. ಜನರನ್ನು ಹಿಂಡಿ ಹಿಪ್ಪೆ ಮಾಡಿದ ದೊರೆಯೊಬ್ಬ ದೇವರ ಮುಂದೆ ಕೈಮುಗಿದು ನಿಂತ ಎಂದರೆ ಸಾಕು, ‘ಎಲ್ಲ ನಾಟಕ’ ಎಂದು ತೀರ್ಪು ಕೊಟ್ಟು ಕಾಫಿಗೆ ಏಳುತ್ತೇವೆ. ಪಕ್ಕದಲ್ಲಿ ಕೂತವರು ‘ಏನೇ ಅನ್ನಿ, ದೈವಭಕ್ತ’ ಎಂದು ಇನ್ನೊಂದು ತೀರ್ಪು ಕೊಡುತ್ತಾರೆ. ನಮ್ಮ ಮಾತು ಧರ್ಮವನ್ನು ಪಾರು ಮಾಡುತ್ತದೆ, ಅವರ ಮಾತು ದೊರೆಯನ್ನು. ಸತ್ತವರ ಸುದ್ದಿ ಎರಡರಲ್ಲೂ ಇಲ್ಲ.

ಗಾದೆ ಹೇಳುವಾಗ ಒಂದು ಅನುಮಾನ ನಮಗೆ ಬರುವುದೇ ಇಲ್ಲ. ಆ ಬೃಂದಾವನಕ್ಕೆ ಅವನು ದಿನಾ ನಿಜವಾಗಿಯೇ ನೀರೆರೆಯುತ್ತಿದ್ದರೆ? ಯಾರೂ ನೋಡದ ಹೊತ್ತಿನಲ್ಲೂ ಎರೆಯುತ್ತಿದ್ದರೆ?

ರಷ್ಯದ ನಾಲ್ಕನೆಯ ಇವಾನ್ ಎರೆದ. 1547ರಲ್ಲಿ ತ್ಸಾರ್ ಎಂದು ಪಟ್ಟ ಕಟ್ಟಿಸಿಕೊಂಡ ಈತನನ್ನು ಲೋಕ ‘ಭಯಂಕರ ಇವಾನ್’ ಎಂದೇ ಬಲ್ಲದು. 1565ರಲ್ಲಿ ರಾಜ್ಯದ ಒಂದು ಪಾಲನ್ನು ತನ್ನ ಖಾಸಾ ಹಿಡಿತಕ್ಕೆ ಎಳೆದುಕೊಂಡ. ಒಪ್ರಿಚ್ನಿನಾ ಎಂಬ ಆ ಏರ್ಪಾಟಿಗೆ ಕಪ್ಪು ಬಟ್ಟೆಯ ದಂಡೊಂದನ್ನು ಕಟ್ಟಿದ. ದಂಡಿನವರ ಗುರುತು ನಾಯಿಯ ತಲೆ ಮತ್ತು ಪೊರಕೆ: ದ್ರೋಹಿಗಳನ್ನು ಕಚ್ಚುತ್ತೇವೆ, ಗುಡಿಸಿ ಹಾಕುತ್ತೇವೆ ಎಂದು. ಅವರಲ್ಲೇ ಆಯ್ದವರನ್ನು ಕೂಡಿಸಿಕೊಂಡು ಅಲೆಕ್ಸಾಂಡ್ರೊವಾ ಸ್ಲೊಬೊದಾ ಎಂಬ ಊರಿನಲ್ಲಿ ಮಠ ನಡೆಸಿದ. ತಾನೇ ಮಠಾಧಿಪತಿ. ನಸುಕಿಗೆ ಎದ್ದು ಗಂಟೆ ಹೊಡೆಸುವುದು, ಹಣೆ ಬಾತುಕೊಳ್ಳುವಷ್ಟು ನೆಲಕ್ಕೆ ಬಡಿದು ನಮಸ್ಕಾರ ಹಾಕುವುದು, ಉಳಿದವರು ಉಣ್ಣುವಾಗ ನಿಂತು ಪುಣ್ಯಗ್ರಂಥ ಓದುವುದು, ಆಮೇಲೆ ಸೆರೆಮನೆಗೆ ಹೋಗಿ ಚಿತ್ರಹಿಂಸೆ ಮಾಡಿಸುವುದು. ಅವನ ಸೇವೆಯಲ್ಲಿದ್ದು ತಪ್ಪಿಸಿಕೊಂಡ ಇಬ್ಬರು ಲಿವೋನಿಯದವರು ಹೀಗೆ ಬರೆದಿಟ್ಟಿದ್ದಾರೆ. ಓಡಿಹೋದವರ ಬರಹ, ಉಪ್ಪುಖಾರ ಸೇರಿದ್ದೀತು ಅನ್ನೋಣ. ಆದರೆ 1573ರಲ್ಲಿ ಕಿರಿಲ್-ಬೆಲೊಜೆರ್ಸ್ಕಿ ಮಠಕ್ಕೆ ಹೋದ ಉದ್ದದ ಕಾಗದ ಅವನದೇ. ತಾನು ನಾಯಿಗೆ ಸಮನಾದ ಪಾಪಿ ಎಂದು ಬಾಗುತ್ತಾನೆ. ಬಾಗಿದವನೇ ನಿಮ್ಮಲ್ಲಿ ಶ್ರೀಮಂತ ಸನ್ಯಾಸಿಗಳು ಸುಖಕ್ಕೆ ಬಿದ್ದಿದ್ದಾರೆ, ನೇಮನಿಷ್ಠೆ ಕೆಟ್ಟಿದೆ ಎಂದು ಅವರನ್ನೇ ಗದರುತ್ತಾನೆ. ನಾಟಕವಾಡುವವನು ಇಷ್ಟು ಶ್ರಮ ಪಡುವುದಿಲ್ಲ.

ಕೊನೆಗಾಲದ್ದು ಇನ್ನೂ ವಿಚಿತ್ರ. 1581ರಲ್ಲಿ ಹಿರಿಯ ಮಗ ಸತ್ತ. ಅಪ್ಪನ ಏಟಿಗೇ ಸತ್ತ ಎಂಬುದು ಬಹುಪಾಲು ಇತಿಹಾಸಕಾರರ ಮಾತು. ಅದಾದ ಮೇಲೆ ಇವಾನ್ ತಾನು ಕೊಲ್ಲಿಸಿದವರ ಪಟ್ಟಿ ಬರೆಸಿ, ಅವರ ಆತ್ಮಗಳಿಗಾಗಿ ಪ್ರಾರ್ಥಿಸಿ ಎಂದು ಹಣದ ಜೊತೆ ಮಠಮಠಕ್ಕೆ ಕಳುಹಿಸಿದ. ಪಟ್ಟಿಯಲ್ಲಿ 3,000ಕ್ಕೂ ಹೆಚ್ಚು ಜನ. ಹೆಸರು ತಿಳಿಯದ ಕಡೆ, ಅದು ದೇವರಿಗೇ ಗೊತ್ತು ಎಂದು ಬರೆಸಿದ. ನವ್‌ಗೊರೊದ್ ನಗರದ ಬಾಬತ್ತು ಹೀಗಿದೆ: ಕೈಯಿಂದ ಕೊಂದದ್ದು 1,490, ಬಂದೂಕಿನಿಂದ 15. ಮಲ್ಯೂತಾ ಸ್ಕುರಾತೊವ್ ಎಂಬ ಬಂಟ ಆಗ ಒಪ್ಪಿಸಿದ್ದ ವರದಿಯಿಂದಲೇ ಎತ್ತಿದ ಲೆಕ್ಕ ಅದು. ಕೊಂದಾಗ ಬರೆದ ಲೆಕ್ಕವೇ ಪ್ರಾರ್ಥನೆಗೂ ಒದಗಿತು! 1584ರ ಮಾರ್ಚಿನಲ್ಲಿ ಸಾಯುವಾಗ ಅವನಿಗೆ ಸನ್ಯಾಸ ದೀಕ್ಷೆಯಾಯಿತು, ಯೋನಾ ಎಂಬ ಹೆಸರಿನಲ್ಲಿ.

ಈ ಮನುಷ್ಯನ ನಂಬಿಕೆ ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ನರಕದ ಭಯ ಅವನಿಗೆ ನಿಜವಾಗಿಯೇ ಇತ್ತು. ತೊಂದರೆ ಇರುವುದೇ ಅಲ್ಲಿ. ದೇವರ ಹತ್ತಿರ ಲೆಕ್ಕ ಚುಕ್ತಾ ಮಾಡಿಕೊಳ್ಳಬಹುದು ಎಂಬ ಭರವಸೆ ಇದ್ದವನಿಗೆ ಮನುಷ್ಯರ ಹತ್ತಿರ ಬಾಕಿ ಉಳಿಸಿಕೊಳ್ಳಲು ಅಂಜಿಕೆ ಇರಲಿಲ್ಲ. ಪಟ್ಟಿ ಮಠಗಳಿಗೆ ಹೋಯಿತು, ಸತ್ತವರ ಮನೆಗಳಿಗೆ ಹೋಗಲಿಲ್ಲ.

ಭಕ್ತಿ ನಿಜವೋ ಸುಳ್ಳೋ ಎಂದು ಎದೆ ಬಗೆದು ನೋಡಲು ನಮ್ಮಿಂದಾಗದು. ಹೊರಗಿನಿಂದ ಕಾಣುವ ಜಾಗ ಒಂದೇ ಒಂದು: ಅವನು ಪೂಜಿಸುವ ದೇವರ ಹೆಸರಿನಲ್ಲೇ ಯಾರಾದರೂ ‘ಇದು ಕೂಡದು’ ಎಂದಾಗ ಅವನು ಏನು ಮಾಡಿದ, ಸುತ್ತಲಿನ ಭಕ್ತರು ಏನು ಮಾಡಿದರು. ಈ ಎರಡನೆಯ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲೆಂದೇ ನಾವು ಮೊದಲನೆಯದನ್ನು ಚಪ್ಪರಿಸುತ್ತ ಕೂತಿರುತ್ತೇವೆ.

ಇವಾನನಿಗೆ ಕೂಡದು ಎಂದವನು ಫಿಲಿಪ್. ಉತ್ತರದ ಸೊಲೊವೆತ್ಸ್ಕಿ ಮಠದ ಮುಖ್ಯಸ್ಥನಾಗಿದ್ದ ಆತನನ್ನು 1566ರಲ್ಲಿ ಮಾಸ್ಕೋದ ಧರ್ಮಪೀಠದಲ್ಲಿ ಕೂರಿಸಿದ್ದು ಇವಾನನೇ. 1568ರಲ್ಲಿ ಕ್ರೆಮ್ಲಿನ್ನಿನ ದೊಡ್ಡ ಚರ್ಚಿನಲ್ಲಿ, ತುಂಬಿದ ಜನರೆದುರು, ಫಿಲಿಪ್ ತ್ಸಾರನಿಗೆ ಆಶೀರ್ವಾದ ಕೊಡಲಿಲ್ಲ. ನಿರಪರಾಧಿಗಳ ರಕ್ತ ಹರಿಯುತ್ತಿರುವಾಗ ಕೊಡಲಾಗದು ಎಂದ. ಇವಾನ್ ಅಲ್ಲೇ ಕೊಲ್ಲಿಸಲಿಲ್ಲ. ವಿಚಾರಣೆಗೆ ಧರ್ಮಗುರುಗಳ ಸಭೆ ಸೇರಿಸಿದ. ಸೊಲೊವೆತ್ಸ್ಕಿಯಲ್ಲಿ ಫಿಲಿಪ್‌ನ ಜಾಗಕ್ಕೆ ಬಂದಿದ್ದ ಪೈಸಿಯೇ ಅವನ ವಿರುದ್ಧ ಸಾಕ್ಷಿ ನುಡಿದ. ಎಲ್ಲರಿಗಿಂತ ಮುಂದೆ ನಿಂತು ದೂರಿದವನು ನವ್‌ಗೊರೊದ್‌ನ ಆರ್ಚ್‌ಬಿಷಪ್ ಪಿಮೆನ್. ನವೆಂಬರಿನಲ್ಲಿ ಒಪ್ರಿಚ್ನಿನಾದ ಆಳುಗಳು ಪೂಜೆಯ ನಡುವೆಯೇ ನುಗ್ಗಿ ಫಿಲಿಪ್‌ನ ಪೀಠದ ಉಡುಪನ್ನು ಕಿತ್ತರು. ತ್ವೆರ್ ಊರಿನ ಮಠವೊಂದರಲ್ಲಿ ಕೂಡಿಟ್ಟರು. ಮರುವರ್ಷದ ಡಿಸೆಂಬರಿನಲ್ಲಿ ನವ್‌ಗೊರೊದ್‌ನತ್ತ ದಂಡು ಹೊರಟಾಗ ಮಲ್ಯೂತಾ ದಾರಿಯಲ್ಲಿ ಇಳಿದು ದಂಡಯಾತ್ರೆಗೆ ಆಶೀರ್ವಾದ ಕೇಳಿದ, ಸಿಗದಿದ್ದಾಗ ಉಸಿರುಗಟ್ಟಿಸಿ ಕೊಂದ ಎಂದು ಸಂತಚರಿತ್ರೆ ಹೇಳುತ್ತದೆ. ಕೊಲ್ಲಲು ಹೊರಟವರಿಗೂ ಆಶೀರ್ವಾದವಿಲ್ಲದೆ ಕಾಲು ಏಳುತ್ತಿರಲಿಲ್ಲ ಎಂಬುದನ್ನು ಗಮನಿಸಿ.

ಅಲ್ಲಿಂದ ದಂಡು ಹೋದದ್ದು ಅದೇ ಪಿಮೆನ್‌ನ ಊರಿಗೆ. 1570ರ ಜನವರಿ. ವೋಲ್ಖೊವ್ ಹೊಳೆಯ ಸೇತುವೆಯ ಮೇಲೆ ಪಿಮೆನ್ ಶಿಲುಬೆ ಹಿಡಿದು ಎದುರುಗೊಂಡ. ಇವಾನ್ ಶಿಲುಬೆಗೆ ಮುತ್ತಿಡದೆ ಅವನನ್ನೇ ದ್ರೋಹಿ ಎಂದ. ಆದರೆ ಚರ್ಚಿಗೆ ಹೋಗಿ ಪೂಜೆ ಮುಗಿಸದೆ ಇರಲಿಲ್ಲ. ಆಮೇಲೆ ಅವನದೇ ಮನೆಯಲ್ಲಿ ಊಟಕ್ಕೆ ಕೂತ, ಊಟದ ನಡುವೆ ಕೂಗು ಹಾಕಿದ, ಲೂಟಿ ಶುರುವಾಯಿತು. ಪಿಮೆನ್ ಪೀಠ ಕಳೆದುಕೊಂಡು, ಮಾನ ಕಳೆದುಕೊಂಡು, ಸೆರೆಯಲ್ಲಿ ಸತ್ತ.

ಇದೇ ಇವಾನನನ್ನು ಸಂತನೆಂದು ಸಾರಬೇಕೆಂಬ ಗುಂಪು ಈಗಲೂ ರಷ್ಯದಲ್ಲಿದೆ. ಪೇಟ್ರಿಯಾರ್ಕ್ ಎರಡನೆಯ ಅಲೆಕ್ಸಿ ಅದನ್ನು ತಳ್ಳಿಹಾಕಿದ್ದರು. ಕೊಂದವನನ್ನೂ ಕೊಲೆಯಾದವರನ್ನೂ ಒಂದೇ ಗೂಡಿನಲ್ಲಿಟ್ಟು ಪೂಜಿಸಲಾಗದು ಎಂಬುದು ಅವರ ವಾದ. ಆದರೂ 2016ರಲ್ಲಿ ಒರ್ಯೋಲ್ ನಗರದಲ್ಲಿ ಪ್ರತಿಮೆ ಎದ್ದಿತು, ಕೈಯಲ್ಲಿ ಶಿಲುಬೆಯ ಸಮೇತ.

ಹಳೆಯ ಕಾಲ, ಬೇರೆ ದೇಶ ಎಂದು ಉಸಿರುಬಿಡಬೇಡಿ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ 1975ರವರೆಗೆ ಬದುಕಿದ್ದ. ಆವಿಲಾದ ಸಂತ ತೆರೇಸಾಳ ಕೈಯ ಅವಶೇಷವನ್ನು ಸಾಯುವತನಕ ಹತ್ತಿರವೇ ಇಟ್ಟುಕೊಂಡಿದ್ದ. ನಾಣ್ಯಗಳ ಮೇಲೆ ತನ್ನನ್ನು ದೇವರ ಕೃಪೆಯಿಂದ ನಾಯಕನಾದವನು ಎಂದು ಅಚ್ಚುಹಾಕಿಸಿದ. 1937ರ ಜುಲೈನಲ್ಲಿ, ಅಂತರ್ಯುದ್ಧದ ನಡುವೆ, ಸ್ಪೇನಿನ ಬಿಷಪ್ಪರು ಒಟ್ಟಾಗಿ ಕಾಗದ ಬರೆದು ಅವನ ಪಕ್ಷ ಹಿಡಿದರು. ಅವರ ಭಯಕ್ಕೆ ಕಾರಣವಿತ್ತು, ಅದನ್ನು ಮುಚ್ಚಿಡಬಾರದು: ಎದುರು ಪಾಳೆಯದ ಕಡೆ ಆ ಯುದ್ಧದಲ್ಲಿ ಕೊಲೆಯಾದ ಪಾದ್ರಿ, ಸನ್ಯಾಸಿ, ಸನ್ಯಾಸಿನಿಯರು ಸುಮಾರು 7,000. ಆದರೂ ತಾರಗೋನದ ಕಾರ್ಡಿನಲ್ ವಿದಾಲ್ ಇ ಬರಾಕೆರ್ ಸಹಿ ಹಾಕಲಿಲ್ಲ. ಆತನನ್ನು ಫ್ರಾಂಕೊ ಊರಿಗೆ ಮರಳಲು ಬಿಡಲೂ ಇಲ್ಲ. 1943ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡ. 1975ರ ಸೆಪ್ಟೆಂಬರಿನಲ್ಲಿ ಮರಣದಂಡನೆಗೆ ಗುರಿಯಾದವರನ್ನು ಉಳಿಸಿ ಎಂದು ಸ್ವತಃ ಪೋಪ್ ಆರನೆಯ ಪಾಲ್ ಬೇಡಿಕೊಂಡರು. ಐವರನ್ನು ಗುಂಡಿಟ್ಟು ಕೊಂದರು. ಕ್ಯಾಥೊಲಿಕ್ ಧರ್ಮದ ರಕ್ಷಕ ಪೋಪನ ಮಾತನ್ನೇ ಕೇಳಲಿಲ್ಲ, ತೆರೇಸಾಳ ಕೈ ಪಕ್ಕದಲ್ಲೇ ಇತ್ತು.

ಗ್ವಾಟೆಮಾಲಾದ ಜನರಲ್ ರಿಯೋಸ್ ಮಾಂಟ್‌ನದು ಬೇರೆ ಪಂಥ, ದಾರಿ ಒಂದೇ. 1982ರಲ್ಲಿ ಅಧಿಕಾರಕ್ಕೆ ಬಂದವನು ಭಾನುವಾರ ಟಿವಿಯಲ್ಲಿ ಕುಟುಂಬಧರ್ಮದ ಪ್ರವಚನ ಕೊಡುತ್ತಿದ್ದ. ಅದೇ ತಿಂಗಳುಗಳಲ್ಲಿ ಅವನ ಸೇನೆ ಬೆಟ್ಟಗಳ ಇಶಿಲ್ ಮಾಯಾ ಹಳ್ಳಿಗಳನ್ನು ಸುಡುತ್ತಿತ್ತು. 2013ರಲ್ಲಿ ನ್ಯಾಯಾಲಯ ನರಮೇಧಕ್ಕೂ ಮಾನವತೆಯ ವಿರುದ್ಧದ ಅಪರಾಧಗಳಿಗೂ ಸೇರಿಸಿ 80 ವರ್ಷ ಶಿಕ್ಷೆ ಕೊಟ್ಟಿತು, ಹತ್ತು ದಿನಕ್ಕೆ ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಮರುವಿಚಾರಣೆ ಮುಗಿಯುವ ಮೊದಲೇ, 2018ರಲ್ಲಿ, ಸತ್ತ.

ಈಗ ನಮ್ಮ ಸರದಿ. ಜಾತ್ರೆಗೆ ಬೆಳ್ಳಿಯ ರಥ ಮಾಡಿಸಿಕೊಟ್ಟವನ ಹೆಸರು ಮೈಕಿನಲ್ಲಿ ಹತ್ತು ಸಲ ಕೂಗುವಾಗ ಬೆಳ್ಳಿ ಎಲ್ಲಿಂದ ಬಂತೆಂದು ನಾವು ಯಾರು ಕೇಳಿದ್ದೇವೆ? ಮೊದಲ ಸಾಲಿನ ಕುರ್ಚಿ, ಮೊದಲ ತೀರ್ಥ, ಮೊದಲ ಹಾರ ಅವನಿಗೇ ಇರಲಿ ಎಂದವರು ನಾವು. ಅವನ ಬಣ್ಣ ಬಯಲಾದ ದಿನ ‘ಅವನು ನಿಜವಾದ ಭಕ್ತನೇ ಅಲ್ಲ ಬಿಡಿ’ ಎಂದು ಕೈತೊಳೆದುಕೊಂಡವರೂ ನಾವೇ. ಹಾರ ಹಾಕುವಾಗ ಗೊತ್ತಿರಲಿಲ್ಲವೇ? ಭಕ್ತನಲ್ಲದಿದ್ದರೆ ಗರ್ಭಗುಡಿಯ ಬಾಗಿಲವರೆಗೆ ಕೈಹಿಡಿದು ಕರೆದೊಯ್ದವರು ಯಾರು? ‘ನಾಟಕ’ ಎನ್ನುತ್ತೇವಲ್ಲ, ಆ ನಾಟಕಕ್ಕೆ ಗ್ಯಾಸ್‌ಲೈಟ್ ಹಿಡಿದು ನಿಂತವರು ನಾವು.

ಪಿಮೆನ್ ಕೂಡ ನಂಬಿಕೆಯುಳ್ಳವನೇ ಇದ್ದಿರಬೇಕು. ಪೂಜೆ ಬಲ್ಲವನು, ಉಪವಾಸ ಬಲ್ಲವನು. ದೊರೆ ಮಾಡುವುದು ತಪ್ಪು ಎಂದು ಗೊತ್ತಿರದಷ್ಟು ದಡ್ಡನಲ್ಲ. ನಮ್ಮ ಹಾಗೆ.

ಫಿಲಿಪ್ ಸತ್ತು 80ಕ್ಕೂ ಹೆಚ್ಚು ವರ್ಷಗಳಾದ ಮೇಲೆ, 1652ರಲ್ಲಿ, ತ್ಸಾರ್ ಅಲೆಕ್ಸಿ ಸತ್ತವನ ಹೆಸರಿಗೇ ಒಂದು ಕಾಗದ ಬರೆದ. ಇವಾನನ ಪಾಪವನ್ನು ಕ್ಷಮಿಸಿ ಮಾಸ್ಕೋಗೆ ಬರಬೇಕು ಎಂಬ ಬಿನ್ನಹ ಅದು. ಸೊಲೊವೆತ್ಸ್ಕಿಯ ದ್ವೀಪಕ್ಕೆ ಅದನ್ನು ಹೊತ್ತುಕೊಂಡು ಹೋಗಿ ಸಮಾಧಿಯೆದುರು ಓದಿದವನು ನಿಕೊನ್. ಆಗ ಅವನು ಕೂತಿದ್ದದ್ದು ನವ್‌ಗೊರೊದ್‌ನಲ್ಲಿ, ಪಿಮೆನ್ ಕೂತಿದ್ದ ಪೀಠದಲ್ಲಿ.