ಕಾಸರಗೋಡಿಗೆ ಮೊದಲು ಮೇಷ್ಟ್ರು ಬೇಕು

ನವೆಂಬರ್ 1 ಬಂದ್ರೆ ತುಮಕೂರು, ಗುಬ್ಬಿ, ಕುಣಿಗಲ್‌ನಲ್ಲೂ ‘ಕಾಸರಗೋಡು ನಮ್ಮದು’ ಅನ್ನೋ ಭಾಷಣ ಇದ್ದೇ ಇರುತ್ತೆ. 1956ರಲ್ಲಿ ಕೇರಳಕ್ಕೆ ಹೋದ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ನಮಗೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲೇ ಹೇಳಿತ್ತು. ಜಾರಿಯಾಗಲಿಲ್ಲ, ಇನ್ನು ಆಗುತ್ತೆ ಅನ್ನೋ ನಂಬಿಕೆ ನನಗಿಲ್ಲ.

ಗಡಿಗಾಗಿ ಕಾಯದೆ ಕೇಳಬಹುದಾದ್ದು ಮೇಷ್ಟ್ರನ್ನ. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದವರನ್ನು ನೇಮಿಸಿದ್ದಕ್ಕೆ ಮಕ್ಕಳೇ ಪ್ರತಿಭಟನೆಗೆ ಇಳಿದಿದ್ದಾರೆ. ಬೀಜಗಣಿತವನ್ನ ಅರ್ಥವಾಗದ ಭಾಷೆಯಲ್ಲಿ ಹೇಳಿಕೊಟ್ರೆ ಅಪ್ಪ-ಅಮ್ಮ ಮಗುವನ್ನ ಬೇರೆ ಮಾಧ್ಯಮಕ್ಕೆ ಹಾಕ್ತಾರೆ. ಆಮೇಲೆ ಮಂಜೇಶ್ವರದಲ್ಲಿ ಗೋವಿಂದ ಪೈ ಸ್ಮಾರಕ ಇದ್ದರೂ ಪೈಗಳನ್ನ ಓದೋರು ಯಾರು?

ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಕೊಡಿ ಅನ್ನುತ್ತೆ ಸಂವಿಧಾನದ 350ಎ ವಿಧಿ. ಅದನ್ನೇ ಹಿಡಿದು ಕೇಳೋಣ. ನಮ್ಮದೇ ಜಿಲ್ಲೆಯ ಪಾವಗಡದ ತೆಲುಗು ಮಕ್ಕಳಿಗೂ, ತುಮಕೂರಿನ ಉರ್ದು ಮಕ್ಕಳಿಗೂ ಅದೇ ವಿಧಿ ಅನ್ವಯಿಸುತ್ತೆ. ವೇದಿಕೆ ಮೇಲಿನವರಿಗೆ ಈ ಮಾತು ಅಷ್ಟು ಹಿಡಿಸಲಿಕ್ಕಿಲ್ಲ.