ಕೊಳವೆಬಾವಿಯ ಯುರೇನಿಯಂ ಸೊಪ್ಪಿನ ಮಡಿಗೂ ಬಂದಿದೆಯೇ?

ವಿಕಿರಣ ಎಂದ ಕೂಡಲೇ ಕರ್ನಾಟಕದವರ ಮನಸ್ಸಿಗೆ ಬರುವುದು ಕೈಗಾ. ಆ ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತಿದ್ದರು. ಇಂದು ಅಲ್ಲಿನ ಮಣ್ಣು, ಹಾಲು, ಮೀನು, ತರಕಾರಿಗಳನ್ನು ನಿಯಮಿತವಾಗಿ ಪರೀಕ್ಷಿಸುವ ಪ್ರಯೋಗಾಲಯವಿದೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ಅಣುಸ್ಥಾವರವಿಲ್ಲ, ಹಾಗಾಗಿ ಅಂಥ ಕಾವಲೂ ಇಲ್ಲ. ಆದರೆ ನಮ್ಮ ಕಾಲ ಕೆಳಗಿನ ಗ್ರಾನೈಟ್ ಬಂಡೆಯಲ್ಲೇ ಯುರೇನಿಯಂ ಇದೆ. ಕೊಳವೆಬಾವಿಯ ನೀರಿನೊಂದಿಗೆ ಅದು ಮೇಲೆ ಬರುತ್ತಿದೆ.

ಇದು ಊಹೆಯ ಮಾತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ಆರ್. ಶ್ರೀನಿವಾಸನ್ ಮತ್ತು ಸಂಗಡಿಗರು ಪೂರ್ವ ಕರ್ನಾಟಕದ 73 ಹಳ್ಳಿಗಳ ಕುಡಿಯುವ ನೀರನ್ನು ಪರೀಕ್ಷಿಸಿ, 2021ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. 57 ಹಳ್ಳಿಗಳ ನೀರು ಅದನ್ನು ಮೀರಿತ್ತು. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60. ಅದನ್ನೂ ಮೀರಿದ ಹಳ್ಳಿಗಳು 48. ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಯುರೇನಿಯಂ ಕೆಲವೆಡೆ 1,400 ಮೈಕ್ರೋಗ್ರಾಂ ದಾಟಿದೆ ಎಂದು 2008ರಲ್ಲೇ ಇನ್ನೊಂದು ಅಧ್ಯಯನ ಹೇಳಿತ್ತು.

ಯುರೇನಿಯಂ ಎಂದರೆ ಬಾಂಬು, ಕ್ಯಾನ್ಸರ್ ಎಂದು ಬೆಚ್ಚಬೇಕಿಲ್ಲ. ಬಂಡೆಯಲ್ಲಿರುವ ಯುರೇನಿಯಂನ ಅರ್ಧಾಯುಷ್ಯ ಸುಮಾರು 450 ಕೋಟಿ ವರ್ಷ. ಅಷ್ಟು ನಿಧಾನವಾಗಿ ಕ್ಷಯಿಸುವ ಕಾರಣ ಅದರ ವಿಕಿರಣ ಕ್ಷೀಣ. ಹೆಚ್ಚಿನ ಅಪಾಯ ಅದರ ರಾಸಾಯನಿಕ ಗುಣದ್ದು, ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ನೀರಿನಲ್ಲಿನ ಫ್ಲೋರೈಡ್ ಆದರೂ ಮಕ್ಕಳ ಹಲ್ಲಿನ ಮೇಲೆ ಗುರುತು ಬಿಡುತ್ತದೆ. ಯುರೇನಿಯಂಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ.

2021ರ ಅಧ್ಯಯನ ನೋಡಿದ್ದು ಕುಡಿಯುವ ನೀರನ್ನು. ಆದರೆ ನಮ್ಮ ಜಿಲ್ಲೆಯ ಮಾಸ್ತಿಯಂಥ ಊರುಗಳಲ್ಲಿ ಕೊಳವೆಬಾವಿ ನೀರು ಬಿಂದಿಗೆಗಿಂತ ಹೆಚ್ಚು ಹೊಲಕ್ಕೇ ಹೋಗುತ್ತದೆ. ಅಲ್ಲಿ ಅದರ ಯುರೇನಿಯಂ ಏನು ಮಾಡುತ್ತದೆ ಎಂಬುದನ್ನು ತಿಳಿಯುವ ವಿದ್ಯೆ ನಮ್ಮ ರಾಜ್ಯದಲ್ಲೇ ಇದೆ. ಅದೇ ಅಧ್ಯಯನದಲ್ಲಿ ಪಾಲುದಾರರಾದ ಮಂಗಳೂರು ವಿಶ್ವವಿದ್ಯಾನಿಲಯದ ಎನ್. ಕರುಣಾಕರ, ಮಣ್ಣಿನ ವಿಕಿರಣ ಧಾತುಗಳು ಗಿಡಕ್ಕೆ ಎಷ್ಟು ಏರುತ್ತವೆ ಎಂಬುದನ್ನು ಅಳೆಯುತ್ತ ಬಂದವರು. ಅವರ ತಂಡ ಕೈಗಾ ಸ್ಥಾವರದ ಹತ್ತಿರವೇ ಗದ್ದೆ ಮಾಡಿ ಭತ್ತ ಬೆಳೆಯಿತು. ಸುತ್ತಲಿನ ಹಳ್ಳಿಗಳ ಭತ್ತವನ್ನೂ ತಂದು ಹೋಲಿಸಿತು. ರೇಡಿಯಂ, ಸೀಸಿಯಂ, ಸೀಸ, ಪೊಟ್ಯಾಸಿಯಂಗಳು ಮಣ್ಣಿನಿಂದ ಕಾಳಿಗೆ ಎಷ್ಟು ಹೋಗುತ್ತವೆ, ಭತ್ತ ಅಕ್ಕಿಯಾದಾಗ ಎಷ್ಟು ಉಳಿಯುತ್ತವೆ ಎಂದು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿತು. ಹೊರದೇಶದ ಅಂಕಿಗಳನ್ನು ನಮ್ಮ ಗದ್ದೆಗೆ ಅನ್ವಯಿಸುವುದಕ್ಕಿಂತ ಇದು ಎಷ್ಟೋ ಮೇಲು. ಮಣ್ಣು, ಮಳೆ, ತಳಿ ಬದಲಾದಂತೆ ಗಿಡ ಹೀರುವ ಪ್ರಮಾಣವೂ ಬದಲಾಗುತ್ತದೆ.

ಅಂಥ ಗದ್ದೆ, ತೋಟ ಕೋಲಾರಕ್ಕೂ ಬೇಕು. ಗಿಡಗಳು ಹೀರಿದ ಯುರೇನಿಯಂನಲ್ಲಿ ಬಹುಪಾಲು ಬೇರಿನಲ್ಲೇ ಉಳಿಯುತ್ತದೆ. ಕಾಳು, ಹಣ್ಣುಗಳಿಗೆ ಹೋಗುವುದು ತೀರಾ ಕಡಿಮೆ. ಹಾಗಾಗಿ ರಾಗಿ, ಟೊಮೆಟೊ, ಮಾವಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಗಮನ ಬೇಕಿರುವುದು ಸೊಪ್ಪು, ಮೂಲಂಗಿ, ಆಲೂಗಡ್ಡೆಗೆ, ಹಸುವಿನ ಮೇವಿಗೆ. ವರ್ಷಗಟ್ಟಲೆ ಅದೇ ನೀರು ಹಾಯಿಸಿದ ಮಣ್ಣಿಗೂ.

ಪರೀಕ್ಷೆಯ ಸುದ್ದಿ ಹರಡಿದರೆ ಕೋಲಾರದ ಮಂಡಿಯಲ್ಲಿ ಟೊಮೆಟೊ ಬೆಲೆ ಬಿದ್ದೀತು ಎಂಬ ರೈತರ ಭಯ ಸಹಜ. ಆದರೆ ಅಳತೆಯಿಲ್ಲದ ಕಡೆ ವದಂತಿಗೆ ಉತ್ತರ ಕೊಡಲು ರೈತನ ಕೈಯಲ್ಲಿ ಏನೂ ಇರುವುದಿಲ್ಲ. ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು, ಅಂದರೆ ಕೆ.ಸಿ. ವ್ಯಾಲಿ ನೀರು, 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗ ನೊರೆ ಕಂಡು ಎದ್ದ ಗಾಬರಿ ಜಿಲ್ಲೆಗೆ ಮರೆತಿಲ್ಲ. ಆ ನೀರಿನಿಂದ ಅಂತರ್ಜಲ ಏರಿದ ಊರುಗಳಲ್ಲಿ ಯುರೇನಿಯಂ ತಗ್ಗಿದೆಯೇ ಎಂಬುದನ್ನೂ ಇದರ ಜೊತೆಗೇ ನೋಡಬೇಕು. ಏಕೆಂದರೆ ಅಂತರ್ಜಲ ಬತ್ತಿ, ಬಂಡೆಯ ಬಿರುಕುಗಳಿಗೆ ಗಾಳಿ ಇಳಿದಾಗ ಯುರೇನಿಯಂ ಸುಲಭವಾಗಿ ಕರಗುತ್ತದೆ. ಗೊಬ್ಬರದ ನೈಟ್ರೇಟ್ ಕೂಡ ಅದನ್ನು ಕರಗಿಸಲು ನೆರವಾಗುತ್ತದೆ.

ಶುದ್ಧ ನೀರಿನ ಘಟಕಗಳು ಯುರೇನಿಯಂ ಅನ್ನು ಬಹುಮಟ್ಟಿಗೆ ಸೋಸುತ್ತವೆ, ನಿಜ. ಸೋಸಿ ಉಳಿದ ಗಾಢ ನೀರು ಚರಂಡಿ ಸೇರಿ, ಎಲ್ಲೋ ಒಂದು ಹೊಲದ ಅಂಚಿಗೆ ನಿಲ್ಲುತ್ತದೆ. ಆ ಮಣ್ಣನ್ನು ಮೊದಲು ಪರೀಕ್ಷಿಸಬೇಕು. ಪ್ರತಿ ಘಟಕದ ಗೋಡೆಯ ಮೇಲೂ ಒಳಬರುವ, ಹೊರಹೋಗುವ ನೀರಿನ ಯುರೇನಿಯಂ ಪ್ರಮಾಣವನ್ನು ಬರೆಸುವುದು ಪಂಚಾಯಿತಿಗೆ ದೊಡ್ಡ ಖರ್ಚಲ್ಲ. ಪ್ರಯೋಗದ ಗದ್ದೆ, ತೋಟಗಳಲ್ಲಿ ಕೋಲಾರದ ಟಮಕದ ತೋಟಗಾರಿಕಾ ಕಾಲೇಜು ಬೆಳೆ ನೋಡಿಕೊಳ್ಳಲಿ, ಮಂಗಳೂರಿನ ತಂಡ ಅಳತೆ ಮಾಡಲಿ, ಜಿಲ್ಲಾಡಳಿತ ಹಣ ಕೊಡಲಿ. ಮೊದಲ ಮಾದರಿಗಳನ್ನು ಬೇಸಿಗೆಯಲ್ಲೇ ತೆಗೆಯಬೇಕು. ಕೆರೆ ಒಣಗಿ, ಸೊಪ್ಪಿನ ಮಡಿಗಳು ಪೂರ್ತಿ ಕೊಳವೆಬಾವಿಯನ್ನೇ ನಂಬುವುದು ಆಗ.