ಮೊಬೈಲಿಗೆ ಬೈಯೋದು ಬಿಡ್ರಿ, ಅಜ್ಜಿಯನ್ನ ದೂರ ಮಾಡಿದ್ದು ನಾವು

ಸಿರುಗುಪ್ಪದಿಂದ ಬಳ್ಳಾರಿಗೆ ಹೋಗುವ ಬಸ್ಸು ಹತ್ತಿದರೆ ಒಂದೇ ಮಾತು: "ಮೊಬೈಲ್ ಬಂದು ಹುಡುಗ್ರು ಕೆಟ್ಟೋದ್ರು." ನಾನು ಒಪ್ಪಲ್ಲ. ಮೊಬೈಲ್ ಬರುವ ಮೊದಲೇ ಮಕ್ಕಳನ್ನು ಅಜ್ಜ-ಅಜ್ಜಿಯಿಂದ, ಹೊಲ-ಹಳ್ಳದಿಂದ ಬಿಡಿಸಿದವರು ನಾವೇ.

ಐದನೇ ಕ್ಲಾಸಿನಲ್ಲಿ ನಾನು "ನಮ್ಮಜ್ಜ ನೆಲ್ಲು ಒಣಗಿಸ್ತಾನೆ" ಅಂತ ಬರೆದಿದ್ದೆ. ಮೇಷ್ಟ್ರು ಕೆಂಪು ಇಂಕಿನಲ್ಲಿ "ನೆಲ್ಲು" ಹೊಡೆದು "ಭತ್ತ" ಮಾಡಿದರು. ಮನೆಗೆ ಬಂದು "ಅಜ್ಜ, ನೀ ತಪ್ಪು ಮಾತಾಡ್ತಿ" ಅಂದೆ. ಅಜ್ಜ ಸುಮ್ಮನಾದ. ನೆಲ್ಲು ಹಳಗನ್ನಡದ ಮಾತು ಅಂತ ನನಗೆ ತಿಳಿದಿದ್ದು ಕಾಲೇಜಿನಲ್ಲಿ. ಅಷ್ಟೊತ್ತಿಗೆ ಅಜ್ಜ ಇರಲಿಲ್ಲ. ಹೊಳೆಯ ಕಥೆಯೂ ಇದೇ. ಅಜ್ಜನ ಬಾಯಲ್ಲಿ ಹಗರಿ, ಪುಸ್ತಕದಲ್ಲಿ ವೇದಾವತಿ. ಎರಡೂ ಒಂದೇ ಅಂತ ಯಾರೂ ಹೇಳಲಿಲ್ಲ.

ತಮಾಷೆ ನೋಡಿ, ಅಜ್ಜಿಯ ಕಥೆಗಳನ್ನೇ ನಾವು ಪಾಠ ಮಾಡುತ್ತೇವೆ. ಪ್ರೇಮಚಂದರ "ಈದ್ಗಾಹ್"ನಲ್ಲಿ ಹಮೀದನ ಹತ್ತಿರ ಇರುವುದು ಮೂರೇ ಪೈಸೆ. ಜಾತ್ರೆಯಲ್ಲಿ ಆಟಿಕೆ, ಮಿಠಾಯಿ ಬಿಟ್ಟು ಅವನು ಚಿಮಟ ಕೊಳ್ಳುತ್ತಾನೆ. ಯಾಕೆ? ರೊಟ್ಟಿ ಸುಡುವಾಗ ಅಜ್ಜಿ ಅಮೀನಾಳ ಬೆರಳು ಸುಡುವುದನ್ನು ಅವನು ದಿನಾ ಕಂಡಿದ್ದ. ನಾವು ಕೇಳುವುದು "ಹಮೀದನ ಗುಣಗಳನ್ನು ಬರೆಯಿರಿ". ನಿಮ್ಮ ಮನೆಯ ಒಲೆ ಮುಂದೆ ಯಾರ ಕೈ ಸುಡುತ್ತದೆ ಅಂತ ಕೇಳಲ್ಲ.

"ಇಂಗ್ಲಿಷ್ ಕಲೀದೆ ನೌಕರಿ ಸಿಗುತ್ತಾ?" ಅಂತೀರಿ. ಕಲಿಯಲಿ. ಸುಧಾ ಮೂರ್ತಿ ಬರೆದಿದ್ದಾರಲ್ಲ, ತ್ರಿವೇಣಿಯವರ "ಕಾಶಿಯಾತ್ರೆ" ತಾನೇ ಓದಬೇಕು ಅಂತ ಅವರಜ್ಜಿ ಮೊಮ್ಮಗಳ ಹತ್ತಿರ ಅಕ್ಷರ ಕಲಿತರು. ಸ್ಕೂಲಿನ ಓದು ಅಜ್ಜಿಯ ಹತ್ತಿರಕ್ಕೂ ಕರೆದೊಯ್ಯಬಹುದು.

ಹಿಂದಿನ ಕಾಲ ಬಂಗಾರ ಅಂತಲೂ ನಾನು ಹೇಳಲ್ಲ. ಸ್ಕೂಲು ಬಿಟ್ಟು ಮೆಣಸಿನಕಾಯಿ ಬಿಡಿಸಲು ಹೋದ ಮಕ್ಕಳನ್ನು ಕಂಡಿದ್ದೇನೆ. ಅಂಥ ಹೊಲದ ನಂಟು ಬೇಡ. ಆದರೆ ಅಪ್ಪ-ಅಮ್ಮ ಬೆಂಗಳೂರಿಗೆ ದುಡಿಯೋಕೆ ಹೋದ ಮನೆಗಳಲ್ಲಿ ಮಕ್ಕಳನ್ನು ಸಾಕುವವರು ಅಜ್ಜಿಯರೇ. ಉಣ್ಣಿಸಲು ಅಜ್ಜಿ ಬೇಕು, ಅವಳ ಮಾತು ಮಾತ್ರ ಬೇಡವಾ?

ಪಂಚಾಯಿತಿ ಸದಸ್ಯರೇ, ಅರಿವು ಕೇಂದ್ರಕ್ಕೆ ಶನಿವಾರ ಒಬ್ಬ ಹಿರಿಯರನ್ನು ಕರೆಸಿ. ಕುರುಗೋಡು ಗುಡ್ಡ, ದೊಡ್ಡ ಬಸವಣ್ಣ, ಕಾಲುವೆ ಬರುವ ಮುಂಚಿನ ಹೊಲ, ಏನಾದರೂ ಹೇಳಲಿ. ಮಕ್ಕಳು ಕೇಳಿದ ಹಾಗೆಯೇ ಬರೆಯಲಿ. ಕೆಂಪು ಇಂಕು ಬೇಡ.

ಇದನ್ನು ಮೊಬೈಲಿನಲ್ಲೇ ಓದುತ್ತಿದ್ದೀರಲ್ಲ? ಅದರಲ್ಲೇ ರೆಕಾರ್ಡರ್ ಇದೆ. ಇವತ್ತು ರಾತ್ರಿ ಊಟ ಆದಮೇಲೆ ಅದನ್ನು ಆನ್ ಮಾಡಿ, ಮಗುವನ್ನು ಅಜ್ಜಿಯ ಪಕ್ಕ ಕೂರಿಸಿ.